ಸೀಲ್ ಇತ್ತು, ಮೊದಲ ಫೋಟೋ 0001 ಅಂತಾನೇ ಬಂತು, ಆದ್ರೂ ಕ್ಯಾಮೆರಾ ಹೊಸದಲ್ಲ: ಒಂದು ಪ್ರಕರಣ

ಹೊಸದು ಅಂತ ಪೂರ್ತಿ ದುಡ್ಡು ಕೊಟ್ಟು ತಗೊಂಡ ಕ್ಯಾಮೆರಾನ ಅದಕ್ಕೂ ಮುಂಚೆ ಬೇರೆ ಯಾರಾದ್ರೂ ಬಳಸಿದ್ರಾ ಇಲ್ವಾ ಅಂತ ಹೇಳೋದು ಅಷ್ಟು ಸುಲಭ ಅಲ್ಲ, ಯಾಕಂದ್ರೆ ಜನ ನಂಬೋ ಗುರುತುಗಳಲ್ಲಿ ಅರ್ಧಕ್ಕರ್ಧ ಏನನ್ನೂ ಸಾಬೀತು ಮಾಡಲ್ಲ. ಡಬ್ಬದ ಸೀಲ್ ಇತ್ತು, ಸ್ಕ್ರೀನ್ ಮೇಲೆ ಪ್ಲಾಸ್ಟಿಕ್ ಹಾಳೆ ಇತ್ತು, ಸೀರಿಯಲ್ ನಂಬರ್ ಮ್ಯಾಚ್ ಆಯ್ತು, ಮೊದಲ ಫೋಟೋಗೆ 0001 ಅಂತ ಹೆಸರು ಬಂತು, ಇಷ್ಟಿದ್ರೆ ಹೊಸದೇ ಅಂತ ನೆಮ್ಮದಿಯಾಗ್ತಾರೆ. ಇನ್ನೊಂದು ಕಡೆ ಸೆನ್ಸರ್ (ಬೆಳಕನ್ನ ಫೋಟೋ ಮಾಡೋ ಒಳಗಿನ ಚಿಪ್) ಮೇಲೆ ಒಂದೇ ಒಂದು ಧೂಳಿನ ಚುಕ್ಕಿ ಕಂಡ್ರೂ ಸಾಕು, ಮೋಸ ಆಯ್ತು ಅಂತ ಜಗಳಕ್ಕೆ ನಿಲ್ಲೋರೂ ಇದ್ದಾರೆ. ಈ ಪ್ರಕರಣದಲ್ಲಿ ಆ ನಾಲ್ಕೂ ಒಳ್ಳೆ ಗುರುತು ಇದ್ವು, ಆದ್ರೂ ಕ್ಯಾಮೆರಾ ಹೊಸದಾಗಿರ್ಲಿಲ್ಲ. ಅದು ಹೇಗೆ ಗೊತ್ತಾಯ್ತು, ಯಾವ ಗುರುತಿಗೆ ಎಷ್ಟು ಬೆಲೆ ಕೊಡ್ಬೇಕು ಅನ್ನೋದನ್ನ ಸ್ವಲ್ಪ ಬಿಡಿಸಿ ಬರೀತೀನಿ.

ನನ್ನ ಗೆಳತಿ ಒಬ್ಳು ಮಿರರ್‌ಲೆಸ್ ಬಾಡಿ (ಒಳಗೆ ಕನ್ನಡಿ ಇಲ್ಲದ ಥರದ ಕ್ಯಾಮೆರಾ, ಲೆನ್ಸ್ ಬಿಟ್ಟು) ಮತ್ತೆ ಅದರ ಜೊತೆ ಬರೋ ಕಿಟ್ ಲೆನ್ಸ್ ಆರ್ಡರ್ ಮಾಡಿದ್ಳು, ಕೊರಿಯರ್‌ನಲ್ಲಿ ಬಂತು. ಬ್ರ್ಯಾಂಡ್ ಹೆಸರು ಬೇಡ, ತಯಾರಕರ ತಪ್ಪು ಇದರಲ್ಲಿ ಏನೂ ಇಲ್ಲ, ಅಂಗಡಿ ಹೆಸರೂ ಬೇಡ. ಬಿಲ್‌ನಲ್ಲಿ ಹೊಸದು ಅಂತಾನೇ ಇತ್ತು, ಓಪನ್ ಬಾಕ್ಸ್ ಅಂತಾಗ್ಲಿ ಡಿಸ್‌ಪ್ಲೇ ಪೀಸ್ ಅಂತಾಗ್ಲಿ ರೀಫರ್ಬಿಷ್ಡ್ ಅಂತಾಗ್ಲಿ ಎಲ್ಲೂ ಇರ್ಲಿಲ್ಲ. ಅವಳು ಡಬ್ಬ ತೆಗೆಯೋದನ್ನ ಫೋನ್‌ನಲ್ಲಿ ವಿಡಿಯೋ ಮಾಡಿದ್ಳು, ಆದ್ರೆ ಸೀಲ್ ಕಿತ್ತಾದ್ಮೇಲೆ ರೆಕಾರ್ಡಿಂಗ್ ಶುರುವಾಗಿತ್ತು, ಹಾಗಾಗಿ ಸೀಲ್ ಮೊದಲೇ ಎದ್ದು ಮತ್ತೆ ಅಂಟಿಸಿದ್ದಾ ಅನ್ನೋದಕ್ಕೆ ಕೊನೇವರೆಗೂ ಉತ್ತರ ಸಿಗ್ಲಿಲ್ಲ. ಅವಳಿಗೆ ಅನುಮಾನ ಬಂದಿದ್ದು ಬೇರೆ ಕಡೆ. ಬ್ಯಾಟರಿ ಹಾಕಿ ಆನ್ ಮಾಡಿದ ತಕ್ಷಣ ಭಾಷೆ ಯಾವ್ದು, ತಾರೀಕು ಎಷ್ಟು ಅಂತ ಏನೂ ಕೇಳದೇ ಸೀದಾ ಲೆನ್ಸ್ ಮುಂದಿನ ದೃಶ್ಯ ತೋರಿಸ್ತು, ಗಡಿಯಾರಾನೂ ಸರಿಯಾದ ಟೈಮ್ ತೋರಿಸ್ತಿತ್ತು, ಬ್ಯಾಟರಿ ಪೂರ್ತಿ ಫುಲ್. ಅಂಗಡಿಗೆ ಫೋನ್ ಮಾಡಿದ್ಲು. ಅವರು ಕೇಳಿದ ಮೊದಲ ಪ್ರಶ್ನೆ ಫೋಟೋ ನಂಬರ್ ಎಷ್ಟು ಅಂತ. 0001 ಅಂದ್ಲು. "ಮತ್ತೆ ಇನ್ನೇನ್ ಬೇಕು ಮೇಡಂ, ಒಂದರಿಂದ ಶುರುವಾಗಿದೆ ಅಂದ್ರೆ ಯಾರೂ ಮುಟ್ಟಿಲ್ಲ ಅಂತಾನೇ ಅರ್ಥ" ಅಂದ್ರು. ಆಮೇಲೆ ಅವಳು ನನ್ನ ಕೇಳಿದ್ಲು.

ಆ ಫೋಟೋ ನಂಬರ್ ವಿಚಾರದಲ್ಲಿ ಸುಮಾರು ಜನ ದಾರಿ ತಪ್ಪೋದರಿಂದ ಅದನ್ನೇ ಮೊದಲು ನೋಡೋಣ. ಫೈಲ್ ಹೆಸರಲ್ಲಿ ಬರೋ ನಾಲ್ಕು ಅಂಕಿ ಕ್ಯಾಮೆರಾದ ವಯಸ್ಸು ಹೇಳೋಕೆ ಅಂತ ಇರೋದಲ್ಲ, ಕಾರ್ಡ್‌ನಲ್ಲಿ ಒಂದೇ ಹೆಸರಿನ ಎರಡು ಫೈಲ್ ಆಗದೇ ಇರ್ಲಿ ಅಂತ ಇರೋದು. 0001ರಿಂದ 9999ರವರೆಗೆ ಹೋಗುತ್ತೆ, ಅಲ್ಲಿಂದ ಹೊಸ ಫೋಲ್ಡರ್ ಮಾಡ್ಕೊಂಡು ಮತ್ತೆ 0001. ಮೆನುವಿನಲ್ಲಿ ಇದನ್ನ ರೀಸೆಟ್ ಮಾಡೋ ಆಯ್ಕೆ ಎಲ್ರಿಗೂ ಸಿಗೋ ಜಾಗದಲ್ಲೇ ಇರುತ್ತೆ, ಹತ್ತು ಸಾವಿರ ಫೋಟೋ ತೆಗೆದ ಕ್ಯಾಮೆರಾನೂ ಒಂದು ಬಟನ್ ಒತ್ತಿ ಖಾಲಿ ಕಾರ್ಡ್ ಹಾಕಿದ್ರೆ 0001 ಅಂತಾನೇ ಬರೆಯುತ್ತೆ. ಇದರ ಉಲ್ಟಾನೂ ಆಗುತ್ತೆ. ನಂಬರಿಂಗ್ ಮುಂದುವರಿಸೋ ಸೆಟ್ಟಿಂಗ್ ಆನ್ ಇದ್ದಾಗ ಹಳೆ ಕಾರ್ಡ್ ಹಾಕಿದ್ರೆ, ಅದರಲ್ಲಿ 4210 ಅಂತ ಒಂದು ಫೈಲ್ ಕೂತಿದ್ರೆ, ಎಷ್ಟೋ ಕ್ಯಾಮೆರಾಗಳು ಅಲ್ಲಿಂದಲೇ ಎಣಿಕೆ ಶುರು ಮಾಡ್ತವೆ, ಆಗ ನಿಜವಾಗಿ ಹೊಸ ಕ್ಯಾಮೆರಾನೇ ನಾಲ್ಕು ಸಾವಿರ ಫೋಟೋ ತೆಗೆದ ಹಾಗೆ ಕಾಣುತ್ತೆ. ಅದನ್ನ ನೋಡಿ ಗಾಬರಿಯಾಗಿ ಅಂಗಡಿಯವರ ಮೇಲೆ ಹರಿಹಾಯೋರನ್ನ ನೋಡಿದೀನಿ, ಪಾಪ ಅಂಗಡಿಯವರದ್ದು ಏನೂ ತಪ್ಪಿರಲ್ಲ. ಇನ್ನೊಂದು ವಿಷಯ, ಇದು ಈ ಪ್ರಕರಣಕ್ಕೆ ಆಮೇಲೆ ಬಹಳ ಮುಖ್ಯ ಆಯ್ತು: ಕಾರ್ಡೇ ಇಲ್ಲದೆ ಶಟರ್ (ಸೆನ್ಸರ್‌ಗೆ ಬೆಳಕು ಬಿಟ್ಟು ಮುಚ್ಚೋ ಪರದೆ) ಓಡಿಸೋಕೆ ಬಿಡೋ ಸೆಟ್ಟಿಂಗ್ ಒಂದಿರುತ್ತೆ. ಅದು ಆನ್ ಇದ್ರೆ ಕ್ಯಾಮೆರಾ ಕ್ಲಿಕ್ ಅನ್ನುತ್ತೆ, ಫೋಟೋ ಸ್ಕ್ರೀನ್ ಮೇಲೂ ಬರುತ್ತೆ, ಕೆಲವದರಲ್ಲಿ ಮೂಲೆಯಲ್ಲಿ ಡೆಮೋ ಅಂತ ತೋರಿಸುತ್ತೆ, ಆದ್ರೆ ಎಲ್ಲೂ ಸೇವ್ ಆಗಲ್ಲ. ಸೇವ್ ಆಗದ ಫೋಟೋಗೆ ಫೈಲ್ ನಂಬರ್ ಎಲ್ಲಿಂದ ಬರ್ಬೇಕು, ಶಟರ್ ಮಾತ್ರ ಓಡಿದ್ದು ಓಡಿದ್ದೇ.

ಹಾಗಾಗಿ ನಾನು ಅವಳಿಗೆ ಹೇಳಿದ್ದು ಎರಡೇ ಮಾತು, ಇನ್ಮೇಲೆ ಒಂದೂ ಫೋಟೋ ತೆಗೀಬೇಡ, ಇಲ್ಲಿವರೆಗೆ ತೆಗೆದಿದ್ದನ್ನ ಕಾರ್ಡ್‌ನಿಂದ ಸೀದಾ ಕಂಪ್ಯೂಟರ್‌ಗೆ ಹಾಕಿ ಕಳಿಸು, ಎಡಿಟ್ ಮಾಡಿದ್ದಾಗ್ಲಿ ವಾಟ್ಸಾಪ್‌ನಲ್ಲಿ ಬಂದಿದ್ದಾಗ್ಲಿ ಬೇಡ ಅಂತ. ಕ್ಯಾಮೆರಾ ಬರೆಯೋ ಫೈಲ್ ಒಳಗೆ ಎಕ್ಸಿಫ್ ಅನ್ನೋ ಮಾಹಿತಿ ಇರುತ್ತೆ, ಶಟರ್ ಸ್ಪೀಡು, ಅಪರ್ಚರು, ತಾರೀಕು ಎಲ್ಲ ಅಲ್ಲೇ ಇರೋದು. ಅದರ ಜೊತೆಗೆ ಮೇಕರ್ ನೋಟ್ಸ್ ಅಂತ ತಯಾರಕರು ತಮ್ಮದೇ ರೀತಿಯಲ್ಲಿ ಬರೆದಿಡೋ ಭಾಗ ಒಂದಿದೆ, ಶಟರ್ ಕೌಂಟ್, ಅಂದ್ರೆ ಶಟರ್ ಇಲ್ಲಿವರೆಗೆ ಒಟ್ಟು ಎಷ್ಟು ಸಲ ಓಡಿದೆ ಅನ್ನೋ ಲೆಕ್ಕ, ಕೂತಿರೋದು ಅಲ್ಲಿ. ಮೆಸೇಜಿಂಗ್ ಆಪ್‌ಗಳು ಫೋಟೋನ ಸಣ್ಣ ಮಾಡುವಾಗ ಇದನ್ನೆಲ್ಲ ಕಿತ್ತು ಬಿಸಾಕ್ತವೆ, ಎಡಿಟಿಂಗ್ ಸಾಫ್ಟ್‌ವೇರ್‌ಗಳೂ ಸುಮಾರು ಸಲ ಮೇಕರ್ ನೋಟ್ಸ್ ಉಳಿಸಲ್ಲ. ಆದ್ದರಿಂದ ಕಾರ್ಡ್‌ನಲ್ಲಿದ್ದ ಮೂಲ ಫೈಲೇ ಬೇಕು, ರಾ (ಸೆನ್ಸರ್ ಕೊಟ್ಟಿದ್ದನ್ನ ತಿದ್ದದೇ ಹಾಗೇ ಬರೆದಿಡೋ ಫೈಲ್) ಆದ್ರೆ ಇನ್ನೂ ಒಳ್ಳೇದು.

ಓದೋಕೆ ಎಕ್ಸಿಫ್‌ಟೂಲ್ ಬಳಸಿದ್ವಿ. ಫಿಲ್ ಹಾರ್ವಿ ಅನ್ನೋರು 2003ರಿಂದ ಬೆಳೆಸ್ಕೊಂಡು ಬಂದಿರೋ ಉಚಿತ ಪ್ರೋಗ್ರಾಂ ಅದು, ಬೇರೆ ಬೇರೆ ಕಂಪನಿಗಳ ಮೇಕರ್ ನೋಟ್ಸ್ ಬಿಡಿಸಿ ಓದೋದ್ರಲ್ಲಿ ಅದನ್ನ ಮೀರಿಸೋದು ನನಗೆ ಗೊತ್ತಿರೋ ಮಟ್ಟಿಗೆ ಇನ್ನೊಂದಿಲ್ಲ. ಫೋಟೋ ಅಪ್‌ಲೋಡ್ ಮಾಡಿದ್ರೆ ಕೌಂಟ್ ಹೇಳೋ ವೆಬ್‌ಸೈಟ್‌ಗಳೂ ಇವೆ, ಆದ್ರೆ ಎಲ್ಲೋ ಇರೋ ಸರ್ವರ್‌ಗೆ ನಮ್ಮ ಫೋಟೋನ, ಅದರೊಳಗಿರೋ ಸೀರಿಯಲ್ ನಂಬರ್ ಸಮೇತ ಯಾಕೆ ಕೊಡ್ಬೇಕು, ನಮ್ಮ ಕಂಪ್ಯೂಟರ್‌ನಲ್ಲೇ ಒಂದು ನಿಮಿಷದ ಕೆಲಸ ಅದು. ಎಲ್ಲಾ ಬ್ರ್ಯಾಂಡ್‌ಗೂ ಒಂದೇ ದಾರಿ ಇಲ್ಲ ಅನ್ನೋದನ್ನೂ ಹೇಳ್ಬಿಡ್ತೀನಿ. ನಿಕಾನ್, ಪೆಂಟಾಕ್ಸ್ ಫೈಲ್‌ನಲ್ಲೇ ಶಟರ್ ಕೌಂಟ್ ಬರೀತವೆ. ಸೋನಿಯ ಎಷ್ಟೋ ಮಾಡೆಲ್‌ಗಳೂ ಬರೀತವೆ, ಆದ್ರೆ ಕೆಲವು ಮಾಡೆಲ್‌ಗಳಲ್ಲಿ ಎಣಿಕೆ 65536ಕ್ಕೆ ಬಂದಾಗ ಸೊನ್ನೆಯಿಂದ ಮತ್ತೆ ಶುರುವಾಗುತ್ತೆ, ಸೆಕೆಂಡ್ ಹ್ಯಾಂಡ್ ತಗೊಳ್ಳೋರು ಇದನ್ನ ಗಮನಿಸ್ಬೇಕು. ಫ್ಯೂಜಿಫಿಲ್ಮ್‌ನಲ್ಲಿ ಇಮೇಜ್ ಕೌಂಟ್ ಅಂತ ಒಂದು ಸಾಲು ಸಿಗುತ್ತೆ. ಕ್ಯಾನನ್‌ನ ಇಒಎಸ್ ಸರಣಿಯ ಬಹುಪಾಲು ಬಾಡಿಗಳು ಫೈಲ್ ಒಳಗೆ ಬರೆಯಲ್ಲ, ಯುಎಸ್‌ಬಿ ಕೇಬಲ್ ಹಾಕಿ ಕ್ಯಾಮೆರಾನ ನೇರವಾಗಿ ಕೇಳೋ ಸಾಫ್ಟ್‌ವೇರ್ ಬೇಕು, 1ಡಿ ಎಕ್ಸ್ ಥರದ ಕೆಲವು ಬಾಡಿಗಳು ಮೆನುವಿನಲ್ಲೇ ತೋರಿಸ್ತವೆ. ಒಲಿಂಪಸ್, ಪ್ಯಾನಸೋನಿಕ್‌ನಲ್ಲಿ ಕೆಲವು ಬಟನ್‌ಗಳನ್ನ ಒಂದು ಕ್ರಮದಲ್ಲಿ ಒತ್ತಿದ್ರೆ ತೆರೆಯೋ ಸರ್ವಿಸ್ ಮೆನು ಇದೆ. ಆ ಮೆನುವಿನಲ್ಲಿ ನೋಡೋದು ನೋಡಿ, ಬೇರೆ ಏನನ್ನೂ ಒತ್ತಬೇಡಿ.

ಅವಳ 0001 ಫೈಲ್‌ನಲ್ಲಿ ಶಟರ್ ಕೌಂಟ್ 1347 ಅಂತ ಬಂತು.

ಇಂಥ ಒಂದು ನಂಬರ್ ಸಿಕ್ಕಿದ ತಕ್ಷಣ ಕುಣಿಯೋಕೆ ಹೋಗ್ಬಾರ್ದು. ಮೇಕರ್ ನೋಟ್ಸ್‌ಗೆ ಕಂಪನಿಗಳು ಅಧಿಕೃತ ವಿವರಣೆ ಕೊಡಲ್ಲ, ಹೊರಗಿನವರು ಕಷ್ಟಪಟ್ಟು ಕಂಡುಹಿಡಿದಿದ್ದು, ತೀರಾ ಹೊಸ ಮಾಡೆಲ್ ಆದ್ರೆ ಪ್ರೋಗ್ರಾಂ ತಪ್ಪು ಜಾಗದಿಂದ ಸಂಬಂಧವಿಲ್ಲದ ಅಂಕಿ ಎತ್ಕೊಂಡು ಬರೋ ಸಾಧ್ಯತೆ ಇದೆ. ಅದನ್ನ ಪರೀಕ್ಷೆ ಮಾಡೋಕೆ ಒಂದು ಸುಲಭದ ದಾರಿ ಇದೆ, ಒಂದೇ ಫೈಲ್ ಬದಲು ಮೊದಲನೇದು ಮತ್ತೆ ಕೊನೇದು ಎರಡನ್ನೂ ಓದೋದು. ಅವಳ ಕೊನೇ ಫೈಲ್ 0038, ಅದರಲ್ಲಿ ಕೌಂಟ್ 1384. ಫೈಲ್ ನಂಬರ್‌ನಲ್ಲಿ ಅಂತರ 37, ಕೌಂಟ್‌ನಲ್ಲೂ ಅಂತರ 37. ಮಧ್ಯದ ಫೈಲ್‌ಗಳಲ್ಲೂ ಒಂದೊಂದೇ ಏರ್ತಾ ಹೋಗಿತ್ತು. ಅಂದ್ರೆ ಪ್ರೋಗ್ರಾಂ ಓದ್ತಿರೋದು ನಿಜವಾದ ಎಣಿಕೆನೇ, ಎಲ್ಲಿಂದಲೋ ಬಂದ ಕಸ ಅಲ್ಲ. ಅವಳು ಮೊದಲ ಸಲ ಒತ್ತೋಕೆ ಮುಂಚೆ ಆ ಕ್ಯಾಮೆರಾ 1346 ಸಲ ಕ್ಲಿಕ್ ಆಗಿದೆ. ನನ್ನ ಪ್ರಕಾರ ಈ ಇಡೀ ಪ್ರಕರಣದಲ್ಲಿ ಅತ್ಯಂತ ಗಟ್ಟಿಯಾದ ಸಾಕ್ಷಿ ಈ ಎರಡು ಫೈಲ್‌ಗಳ ಜೋಡಿ, ಬರೀ ಒಂದು ಸ್ಕ್ರೀನ್‌ಶಾಟ್ ಕಳಿಸಿದ್ರೆ ಅಂಗಡಿಯವರು ಸಾಫ್ಟ್‌ವೇರ್ ಸರಿಯಿಲ್ಲ ಅಂತ ಒಂದೇ ಮಾತಲ್ಲಿ ತಳ್ಳಿ ಹಾಕ್ತಾರೆ, ಜೋಡಿ ಮುಂದೆ ಆ ಮಾತು ನಿಲ್ಲಲ್ಲ.

ಅಂಗಡಿಯವರು ಆಮೇಲೆ ಎರಡು ವಾದ ಇಟ್ರು. ಒಂದು, ನಿಮ್ಮ ಮೆಮೊರಿ ಕಾರ್ಡ್ ಹಳೇದಿರ್ಬೇಕು, ಅದರಿಂದ ನಂಬರ್ ಬಂದಿದೆ ಅಂತ. ಕಾರ್ಡ್‌ನಿಂದ ಬದಲಾಗೋದು ಫೈಲ್ ನಂಬರ್ ಮಾತ್ರ, ಶಟರ್ ಕೌಂಟ್ ಬಾಡಿಯೊಳಗಿನ ಮೆಮೊರಿಯಲ್ಲಿ ಇರುತ್ತೆ, ಯಾವ ಕಾರ್ಡ್ ಹಾಕಿದ್ರೂ ಅಷ್ಟೇ, ಫ್ಯಾಕ್ಟರಿ ರೀಸೆಟ್ ಮಾಡಿದ್ರೂ ಅಷ್ಟೇ. ಅದೂ ಅಲ್ಲದೆ ಅವಳ ಫೈಲ್ ನಂಬರ್ 0001 ಇರುವಾಗ ಈ ವಾದಕ್ಕೆ ಅರ್ಥನೇ ಇಲ್ಲ. ಎರಡನೇದು, ಫ್ಯಾಕ್ಟರಿಯಲ್ಲಿ ಟೆಸ್ಟ್ ಮಾಡಿರ್ತಾರೆ ಅನ್ನೋದು. ಇದನ್ನ ಅಷ್ಟು ಸುಲಭಕ್ಕೆ ತಳ್ಳಿಹಾಕೋಕಾಗಲ್ಲ, ಯಾಕಂದ್ರೆ ನಿಜವಾಗ್ಲೂ ಟೆಸ್ಟ್ ಮಾಡ್ತಾರೆ, ಹೊಸ ಬಾಡಿಯ ಮೊದಲ ಫೋಟೋದಲ್ಲೇ ಕೌಂಟ್ 1 ಇರ್ಬೇಕು ಅಂತ ಹಠ ಹಿಡಿಯೋದು ಸರಿಯಲ್ಲ. ಆದ್ರೆ ಸಾಮಾನ್ಯವಾಗಿ ಹೊಸ ಬಾಡಿಗಳಲ್ಲಿ ಕಾಣೋದು ಒಂದಂಕಿ ಇಲ್ಲ ಎರಡಂಕಿ. ನೂರರ ಆಸುಪಾಸು ಬಂದ್ರೆ ಕೂತು ಯೋಚ್ನೆ ಮಾಡ್ಬೇಕು, ಬೇರೆ ಗುರುತು ಹುಡುಕ್ಬೇಕು. ಸಾವಿರ ದಾಟಿದ್ರೆ ಫ್ಯಾಕ್ಟರಿ ಹೆಸರು ಹೇಳೋಕಾಗಲ್ಲ.

ಜೊತೆಗೆ ಗಡಿಯಾರ ಇದೆ. ಇದನ್ನ ನಾನು ಕೌಂಟ್ ಆದ್ಮೇಲೆ ಎರಡನೇ ಸ್ಥಾನದಲ್ಲಿ ಇಡ್ತೀನಿ. ಕ್ಯಾಮೆರಾದಲ್ಲಿ ಗಡಿಯಾರ ನಡೆಸೋಕೆ ಒಳಗೊಂದು ಪುಟ್ಟ ಬ್ಯಾಟರಿ ಇರುತ್ತೆ, ಅದು ಚಾರ್ಜ್ ಆಗೋದು ನಾವು ಹಾಕೋ ದೊಡ್ಡ ಬ್ಯಾಟರಿಯಿಂದ. ಕೆಲವು ಮಾಡೆಲ್‌ಗಳ ಮ್ಯಾನ್ಯುಯಲ್‌ನಲ್ಲಿ ಪೂರ್ತಿ ಚಾರ್ಜ್‌ಗೆ ಎರಡು ದಿನ ಬೇಕು ಅಂತಾನೇ ಬರೆದಿದೆ, ಆಮೇಲೆ ದೊಡ್ಡ ಬ್ಯಾಟರಿ ತೆಗೆದಿಟ್ರೂ ಮಾಡೆಲ್ ಮೇಲೆ ಒಂದು ತಿಂಗಳೋ ಮೂರು ತಿಂಗಳೋ ಗಡಿಯಾರ ನಡೀತಿರುತ್ತೆ. ಹೊಸ ಕ್ಯಾಮೆರಾ ಡಬ್ಬದಲ್ಲಿ ಬ್ಯಾಟರಿ ಹೊರಗಿಟ್ಟೇ ಬರುತ್ತೆ, ಗೋಡೌನ್, ಹಡಗು, ಇನ್ನೊಂದು ಗೋಡೌನ್ ಅಂತ ತಿಂಗಳುಗಟ್ಟಲೆ ಕೂತಿರುತ್ತೆ, ಆದ್ದರಿಂದ ಮೊದಲ ಸಲ ಆನ್ ಮಾಡಿದಾಗ ಭಾಷೆ, ಊರಿನ ಸಮಯ, ತಾರೀಕು ಕೇಳ್ಬೇಕು. ಇಲ್ಲಿ ಕೇಳ್ಲಿಲ್ಲ. ಅದೂ ಅವಳ ವಿಡಿಯೋದಲ್ಲಿ ಸ್ಪಷ್ಟವಾಗಿ ಇದೆ, ಬ್ಯಾಟರಿ ಹಾಕಿದ್ದು, ಸ್ವಿಚ್ ತಿರುಗಿಸಿದ್ದು, ಸೀದಾ ದೃಶ್ಯ ಬಂದಿದ್ದು. ಮೊದಲ ಫೈಲ್‌ನ ತಾರೀಕು, ಗಂಟೆ, ನಿಮಿಷ ವಿಡಿಯೋದ ಟೈಮ್‌ಗೆ ಹೊಂದುತ್ತೆ, ಟೈಮ್ ಜೋನ್ ಕೂಡ ಅವಳು ಇರೋ ಕಡೆಯದ್ದೇ. ಅಂದ್ರೆ ಸ್ವಲ್ಪ ದಿನದ ಹಿಂದೆ ಯಾರೋ ಬ್ಯಾಟರಿ ಹಾಕಿ, ಅಲ್ಲಿಯದೇ ಸಮಯ ಸೆಟ್ ಮಾಡಿ, ಒಳಗಿನ ಬ್ಯಾಟರಿ ತುಂಬೋಷ್ಟು ಹೊತ್ತು ಹಾಗೇ ಬಿಟ್ಟಿದ್ದಾರೆ. ಫ್ಯಾಕ್ಟರಿಯಲ್ಲಿ ಟೆಸ್ಟ್ ಮಾಡಿದೋರು ಈ ಕೆಲಸ ಮಾಡಿರೋಕೆ ಸಾಧ್ಯ ಇಲ್ಲ. ಉಳಿದ ಸೆಟ್ಟಿಂಗ್ ಎಲ್ಲ ಡಿಫಾಲ್ಟ್‌ನಲ್ಲೇ ಇತ್ತು, ಬ್ಲೂಟೂತ್‌ನಲ್ಲಿ ಯಾವ ಫೋನ್ ಹೆಸರೂ ಇಲ್ಲ, ಕಾಪಿರೈಟ್ ಮಾಹಿತಿ ಹಾಕೋ ಜಾಗ ಖಾಲಿ. ಇದನ್ನೂ ಅಂಗಡಿಯವರು ತಮ್ಮ ಪರ ಹೇಳಿದ್ರು. ಆದ್ರೆ ಎಷ್ಟೋ ಕ್ಯಾಮೆರಾಗಳಲ್ಲಿ ಎಲ್ಲಾ ಸೆಟ್ಟಿಂಗ್ ರೀಸೆಟ್ ಅಂತ ಕೊಟ್ಟಾಗ ಭಾಷೆ ಮತ್ತೆ ತಾರೀಕು ಎರಡನ್ನ ಬಿಟ್ಟು ಬಾಕಿ ಎಲ್ಲ ಅಳಿಸಿಹೋಗುತ್ತೆ. ಭಾಷೆ, ತಾರೀಕು ಮಾತ್ರ ಸೆಟ್ ಆಗಿದ್ದು ಉಳಿದಿದ್ದೆಲ್ಲ ಅಚ್ಚ ಹೊಸದಿದ್ದಂಗಿರೋ ಕ್ಯಾಮೆರಾ ಕಂಡ್ರೆ ನನಗಂತೂ ಅನುಮಾನ ಜಾಸ್ತಿನೇ ಆಗುತ್ತೆ.

ಬ್ಯಾಟರಿ ಫುಲ್ ಇದ್ದಿದ್ದಕ್ಕೆ ನಾನು ಜಾಸ್ತಿ ಬೆಲೆ ಕೊಡ್ಲಿಲ್ಲ. ಬಿಡಿ ಲಿಥಿಯಂ ಅಯಾನ್ ಬ್ಯಾಟರಿಗಳನ್ನ ವಿಮಾನದ ಕಾರ್ಗೋದಲ್ಲಿ ಕಳಿಸುವಾಗ ಚಾರ್ಜ್ 30 ಪರ್ಸೆಂಟ್ ಮೀರಬಾರದು ಅಂತ 2016ರ ಏಪ್ರಿಲ್‌ನಿಂದ ಅಂತಾರಾಷ್ಟ್ರೀಯ ನಿಯಮ ಇದೆ, ಕ್ಯಾಮೆರಾ ಜೊತೆ ಡಬ್ಬದಲ್ಲಿ ಬರೋ ಬ್ಯಾಟರಿಗಳೂ ಸಾಮಾನ್ಯವಾಗಿ ಅರೆಬರೆ ಚಾರ್ಜ್‌ನಲ್ಲೇ ಬರೋದು, ಹಾಗಾಗಿ ಫುಲ್ ಇರೋದು ವಿಚಿತ್ರ ಹೌದು. ಆದ್ರೆ ಅಂಗಡಿಯವರು ಗಿರಾಕಿಗೆ ಅನುಕೂಲ ಆಗ್ಲಿ ಅಂತ ಚಾರ್ಜ್ ಮಾಡಿ ಕೊಟ್ಟಿದ್ವಿ ಅಂದ್ರೆ ಅದನ್ನ ಸುಳ್ಳು ಅನ್ನೋದು ಹೇಗೆ.

ಆಮೇಲೆ ಕ್ಯಾಮೆರಾನ ಕೈಯಲ್ಲಿ ಹಿಡಿದು ನೋಡಿದ್ವಿ, ಬೆಳಕಿಗೆ ಓರೆ ಹಿಡಿದು, ಭೂತಗನ್ನಡಿ ಇಟ್ಕೊಂಡು. ಇಲ್ಲಿ ಸಿಕ್ಕಿದ್ದು ಒಂದಕ್ಕೊಂದು ವಿರುದ್ಧ ಇದ್ದಂಗಿತ್ತು. ಮೇಲಿನ ಹಾಟ್ ಶೂ, ಫ್ಲ್ಯಾಶ್ ತೂರಿಸೋ ಜಾಗ, ಅದರ ಕಂಬಿ ಮೇಲಿನ ಪೇಂಟ್‌ಗೆ ಒಂದು ಗೀರೂ ಇಲ್ಲ. ಸ್ಟ್ರ್ಯಾಪ್ ಕಟ್ಟೋ ಕೊಂಡಿಗಳಲ್ಲೂ ಇಲ್ಲ, ಸ್ಟ್ರ್ಯಾಪ್ ತನ್ನ ಕವರ್‌ನಲ್ಲಿ ಕಾರ್ಖಾನೆಯಲ್ಲಿ ಮಡಿಸಿದ ಮಡಿಕೆಯಲ್ಲೇ ಇತ್ತು, ಕೇಬಲ್ ಕವರ್‌ನ ಅಂಟೂ ಬಿಚ್ಚಿರ್ಲಿಲ್ಲ. ಇಷ್ಟೇ ನೋಡಿದ್ರೆ ಯಾರೂ ಬಳಸಿಲ್ಲ ಅನ್ನಿಸುತ್ತೆ. ಆದ್ರೆ ಬ್ಯಾಟರಿಯ ಲೋಹದ ಕಾಂಟ್ಯಾಕ್ಟ್‌ಗಳ ಮೇಲೆ ಉದ್ದಕ್ಕೆ ಸಣ್ಣ ಗೆರೆಗಳು, ಹಲವು ಸಲ ಹಾಕಿ ತೆಗೆದಿದ್ದು ಅಂತ ಹೇಳೋ ಥರದ್ದು. ಹಿಡಿಕೆಯ ರಬ್ಬರ್‌ನಲ್ಲಿ ಬೆರಳು ಕೂರೋ ಕಡೆ ಮಾತ್ರ ಸ್ವಲ್ಪ ಹೊಳಪು. ಸ್ಕ್ರೀನ್ ಮೇಲಿನ ಪ್ಲಾಸ್ಟಿಕ್ ಹಾಳೆ ಇತ್ತು, ಆದ್ರೆ ಅದರ ಅಡಿಯಲ್ಲಿ ಒಂದು ಎಳೆ ಧೂಳು, ಹಾಳೆ ತೆಗೆದು ಮತ್ತೆ ಕೂರಿಸಿದ್ರೆ ಮಾತ್ರ ಹಾಗಾಗೋದು. ಕೊನೆಗೆ ತಳ ತಿರುಗಿಸಿ ನೋಡಿದ್ವಿ. ಟ್ರೈಪಾಡ್ ಸ್ಕ್ರೂ ಹಾಕೋ ತೂತಿನ ಎಳೆಗಳು ಫ್ರೆಶ್, ಯಾರೂ ಟ್ರೈಪಾಡ್ ಮೇಲೆ ಕೂರಿಸಿಲ್ಲ. ಆದ್ರೆ ಅದರ ಪಕ್ಕದಲ್ಲಿ, ತಳದ ರಬ್ಬರ್‌ನ ಸಣ್ಣ ಗೀಟುಗಳ ಸಂದಿಯಲ್ಲಿ, ಅಂಟಿನ ಜಿಗುಟು. ಒರೆಸಿದ್ದಾರೆ, ಮೇಲ್ಮೈ ಕ್ಲೀನ್ ಆಗಿದೆ, ಸಂದಿಯಲ್ಲಿ ಮಾತ್ರ ಉಳ್ಕೊಂಡು ಅದಕ್ಕೆ ಧೂಳು ಹತ್ತಿದೆ. ಅಂಚನ್ನ ಜೋಡಿಸಿ ನೋಡಿದ್ರೆ ಒಂದು ಸಣ್ಣ ಚೌಕದ ಆಕಾರ.

ಆ ಚೌಕ ನೋಡಿದ್ಮೇಲೆ ಇಡೀ ಚಿತ್ರ ಕೂಡ್ಕೊಂತು. ಶೋರೂಮ್‌ನಲ್ಲಿ ಗಿರಾಕಿಗಳು ಮುಟ್ಟಿ ನೋಡ್ಲಿ ಅಂತ ಇಡೋ ಕ್ಯಾಮೆರಾಗಳ ತಳಕ್ಕೆ ಕಳ್ಳತನ ಆಗದಿರೋ ಹಾಗೆ ಅಲಾರಂ ತಂತಿಯ ಬಿಲ್ಲೆ ಅಂಟಿಸ್ತಾರೆ, ಬಲವಾದ ಅಂಟಿನ ಟೇಪ್ ಅದು. ಇದನ್ನ ಬಾಕಿ ಗುರುತುಗಳ ಜೊತೆ ಇಟ್ಟು ನೋಡಿ. ಯಾರೋ ಕೊಂಡು ಬಳಸಿ ವಾಪಸ್ ಕೊಟ್ಟಿದ್ರೆ ಸ್ಟ್ರ್ಯಾಪ್, ಕೇಬಲ್ ಏನಾದ್ರೂ ಒಂದು ಬಿಚ್ಚಿರ್ಬೇಕಿತ್ತು, ಮೊಬೈಲ್‌ಗೆ ಕನೆಕ್ಟ್ ಮಾಡಿರ್ತಿದ್ರು, ವಾರಂಟಿ ರಿಜಿಸ್ಟರ್ ಮಾಡಿರೋ ಸಾಧ್ಯತೆನೂ ಇತ್ತು. ಅವಳು ತಯಾರಕರ ಸಪೋರ್ಟ್‌ಗೆ ಸೀರಿಯಲ್ ನಂಬರ್ ಕೊಟ್ಟು ಕೇಳಿದಾಗ ಆ ನಂಬರ್ ಯಾರ ಹೆಸರಲ್ಲೂ ರಿಜಿಸ್ಟರ್ ಆಗಿಲ್ಲ ಅಂದ್ರು. ಶೋಕೇಸ್‌ನಲ್ಲಿ ಇಟ್ಟಿದ್ರೆ ಆಗ ಡಬ್ಬದಿಂದ ಹೊರಗೆ ಬರೋದು ಬಾಡಿ, ಲೆನ್ಸ್, ಬ್ಯಾಟರಿ ಮಾತ್ರ, ಬೇರೆಲ್ಲ ಡಬ್ಬದಲ್ಲೇ ಭದ್ರ. ಕಾರ್ಡ್ ಹಾಕಿರಲ್ಲ, ಬಂದೋರೆಲ್ಲ ಶಟರ್ ಒತ್ತಿ ನೋಡ್ತಾರೆ, ಕೌಂಟ್ ಏರುತ್ತೆ, ಫೈಲ್ ನಂಬರ್ ಏರಲ್ಲ. 0001 ಮತ್ತೆ 1347 ಎರಡೂ ಒಟ್ಟಿಗೆ ಹೇಗೆ ನಿಜ ಆಗುತ್ತೆ ಅನ್ನೋ ಪ್ರಶ್ನೆಗೆ ಇದಕ್ಕಿಂತ ಸರಳವಾದ ಉತ್ತರ ನನಗೆ ಕಾಣ್ಲಿಲ್ಲ. ಮಾರುವಾಗ ಬಿಲ್ಲೆ ಕಿತ್ತು, ಅಂಟು ಒರೆಸಿ, ರೀಸೆಟ್ ಕೊಟ್ಟು, ಹಾಳೆ ಮತ್ತೆ ಕೂರಿಸಿ, ತನ್ನದೇ ಡಬ್ಬದಲ್ಲಿ ಹಾಕಿ ಕಳಿಸಿದ್ದಾರೆ. ಸೀರಿಯಲ್ ನಂಬರ್ ಡಬ್ಬಕ್ಕೂ ಬಾಡಿಗೂ ಮ್ಯಾಚ್ ಆಗೋದು ಸಹಜ, ಅದು ಅದರದ್ದೇ ಡಬ್ಬ ಅಲ್ವಾ. ನಂಬರ್ ಮ್ಯಾಚ್ ಆಗದೇ ಇದ್ರೆ ದೊಡ್ಡ ತಕರಾರು, ಆದ್ರೆ ಮ್ಯಾಚ್ ಆಯ್ತು ಅಂದ ಮಾತ್ರಕ್ಕೆ ಹೊಸದು ಅಂತ ಏನೂ ತೀರ್ಮಾನ ಆಗಲ್ಲ.

ಸೆನ್ಸರ್ ಕೂಡ ನೋಡಿದ್ವಿ, ನಾನು ಫೋಟೋ ತೆಗೀಬೇಡ ಅಂದಿದ್ರೂ ಇದಕ್ಕೊಂದು ತೆಗೀಲೇಬೇಕಾಯ್ತು. ಎಫ್ 16ರಲ್ಲಿ, ಅಂದ್ರೆ ಲೆನ್ಸ್‌ನ ಕಿಂಡಿ ಚಿಕ್ಕದು ಮಾಡಿ, ಫೋಕಸ್ ಬಿಟ್ಟು, ಬಿಳಿ ಗೋಡೆ. ಎರಡು ಮಸುಕಾದ ಚುಕ್ಕಿ ಕಂಡ್ವು. ಅವಳಿಗೆ ಅದೇ ದೊಡ್ಡ ಸಾಕ್ಷಿ ಅನ್ನಿಸ್ತು, ನಾನು ದೂರಿನಲ್ಲಿ ಅದನ್ನ ಬರೀಬೇಡ ಅಂದೆ. ಹೊಸ ಬಾಡಿಯಲ್ಲೂ ಧೂಳು ಇರುತ್ತೆ, ಬಾಡಿ ಕ್ಯಾಪ್ ತೆಗೆದು ಲೆನ್ಸ್ ಹಾಕೋ ಹೊತ್ತಲ್ಲೇ ಸೇರ್ಕೊಳ್ಳುತ್ತೆ. ಒಳಗಿಂದಲೂ ಬರುತ್ತೆ, 2012ರಲ್ಲಿ ಬಂದ ನಿಕಾನ್ ಡಿ600ರಲ್ಲಿ ಹೊಸ ಕ್ಯಾಮೆರಾಗಳ ಸೆನ್ಸರ್ ಮೇಲೇ ಚುಕ್ಕಿ ಕಾಣಿಸ್ಕೊಂಡು, 2014ರಲ್ಲಿ ಕಂಪನಿನೇ ಉಚಿತವಾಗಿ ಕ್ಲೀನ್ ಮಾಡಿ ಶಟರ್ ಬದಲಾಯಿಸಿ ಕೊಡ್ತು. ದುರ್ಬಲ ಸಾಕ್ಷಿ ಒಂದನ್ನ ಗಟ್ಟಿ ಸಾಕ್ಷಿಗಳ ಜೊತೆ ಸೇರಿಸಿದ್ರೆ ಎದುರಿನವರು ಆ ದುರ್ಬಲದ್ದನ್ನೇ ಹಿಡ್ಕೊಂಡು ಜಗ್ಗಾಡ್ತಾರೆ, ಬಾಕಿದ್ದೆಲ್ಲ ಮರೆತೇ ಹೋಗುತ್ತೆ.

ಇಲ್ಲಿ ಶಟರ್ ಕೌಂಟ್‌ನ ಮಿತಿಯನ್ನೂ ಹೇಳ್ಲೇಬೇಕು. ಕೌಂಟ್ ಜಾಸ್ತಿ ಇದ್ರೆ ಬಳಸಿದ್ದಾರೆ ಅಂತ ಹೇಳ್ಬಹುದು, ಕಮ್ಮಿ ಇದ್ರೆ ಬಳಸಿಲ್ಲ ಅಂತ ಹೇಳೋಕಾಗಲ್ಲ. ಗಂಟೆಗಟ್ಟಲೆ ವಿಡಿಯೋ ತೆಗೆದಿದ್ರೂ ಕೌಂಟ್ ಹೆಚ್ಚುಕಮ್ಮಿ ಅಲ್ಲೇ ನಿಂತಿರುತ್ತೆ. ಎಲೆಕ್ಟ್ರಾನಿಕ್ ಶಟರ್‌ನಲ್ಲಿ, ಅಂದ್ರೆ ಪರದೆ ಓಡದೇ ಸೆನ್ಸರ್‌ನಿಂದಲೇ, ತೆಗೆದಿದ್ದನ್ನ ಕೆಲವು ಕ್ಯಾಮೆರಾ ಎಣಿಸುತ್ತೆ, ಕೆಲವು ಎಣಿಸಲ್ಲ, ನಿಕಾನ್‌ನ ಕೆಲವು ಮಿರರ್‌ಲೆಸ್‌ಗಳು ಒಟ್ಟು ಎಣಿಕೆ ಬೇರೆ, ಮೆಕ್ಯಾನಿಕಲ್ ಶಟರ್ ಎಣಿಕೆ ಬೇರೆ ಅಂತ ಎರಡು ಸಾಲು ಇಡ್ತವೆ. 2021ರ ಜೆಡ್ 9ರಲ್ಲಿ ಮತ್ತೆ 2023ರ ಜೆಡ್ 8ರಲ್ಲಿ ಮೆಕ್ಯಾನಿಕಲ್ ಶಟರೇ ಇಲ್ಲ. ಸರ್ವಿಸ್ ಸೆಂಟರ್‌ನಲ್ಲಿ ಶಟರ್ ಬದಲಾಯಿಸಿದಾಗ ಎಣಿಕೆ ಸೊನ್ನೆಗೆ ತರೋದೂ ಇದೆ. ವಿಡಿಯೋ ಮಾಡೋರಿಗೆ ಅಂತಾನೇ ಬರೋ ಬಾಡಿಗಳಲ್ಲಿ ಬರೀ ಕೌಂಟ್ ನಂಬಿದ್ರೆ ಏನೂ ಸಿಗಲ್ಲ, ಅಲ್ಲಿ ಗಡಿಯಾರ, ಕಾಂಟ್ಯಾಕ್ಟ್‌ಗಳ ಗೆರೆ, ಫ್ಯಾನ್ ಇದ್ರೆ ಅದರ ಜಾಲರಿಯ ಧೂಳು, ಇಂಥವೇ ಕೆಲಸಕ್ಕೆ ಬರೋದು.

ಸರಿ, ಬಳಸಿದ್ದು ಅಂತ ಗೊತ್ತಾಯ್ತು, ಅದರಿಂದ ನಷ್ಟ ಎಷ್ಟು ಅಂತ ಅಂಗಡಿಯವರು ಕೇಳಿದ್ರು, ಪ್ರಶ್ನೆ ನ್ಯಾಯವಾದದ್ದೇ. ಈ ದರ್ಜೆಯ ಬಾಡಿಗಳ ಶಟರ್‌ನ ತಯಾರಕರು ಎರಡು ಲಕ್ಷ ಕ್ಲಿಕ್‌ವರೆಗೆ ಪರೀಕ್ಷೆ ಮಾಡಿರ್ತಾರೆ, ಶುರುವಿನ ಹಂತದ ಬಾಡಿಗಳಿಗೆ ಒಂದು ಲಕ್ಷ, ವೃತ್ತಿಪರರ ದೊಡ್ಡ ಬಾಡಿಗಳಿಗೆ ಐದು ಲಕ್ಷದವರೆಗೂ ಇದೆ. ಎರಡು ಲಕ್ಷದಲ್ಲಿ 1346 ಅಂದ್ರೆ ಒಂದು ಪರ್ಸೆಂಟೂ ಇಲ್ಲ. ಸೆಕೆಂಡಿಗೆ 10 ಫೋಟೋ ಎಡೆಬಿಡದೆ ತೆಗೆಯೋ ಬರ್ಸ್ಟ್‌ನಲ್ಲಿ ಎರಡೂಕಾಲು ನಿಮಿಷ ಒತ್ತಿ ಹಿಡಿದ್ರೆ ಅಷ್ಟು ಆಗಿಹೋಗುತ್ತೆ. ಸವೆತದ ಲೆಕ್ಕದಲ್ಲಿ ಆ ಕ್ಯಾಮೆರಾ ಹೊಸದಕ್ಕಿಂತ ಏನೂ ಕಮ್ಮಿ ಇರ್ಲಿಲ್ಲ, ಅದನ್ನ ನಾನು ಅವಳಿಗೂ ಮುಚ್ಚುಮರೆ ಇಲ್ದೆ ಹೇಳಿದೆ. ಆದ್ರೆ ಅವಳ ದೂರು ಸವೆತದ ಬಗ್ಗೆ ಅಲ್ವೇ ಅಲ್ಲ. ಶೋಕೇಸ್‌ನಲ್ಲಿ ಇಟ್ಟ ಕ್ಯಾಮೆರಾನ ಎಷ್ಟು ಜನ ಎತ್ತಿದ್ರು, ಯಾರ ಕೈಯಿಂದ ಟೇಬಲ್ ಮೇಲೆ ಬಿತ್ತು, ಲೆನ್ಸ್ ಬಿಚ್ಚಿ ಸೆನ್ಸರ್‌ಗೆ ಬೆರಳಿಟ್ಟೋರು ಯಾರು, ಯಾರಿಗೂ ಗೊತ್ತಿರಲ್ಲ. ಅದಕ್ಕೇ ಅಲ್ವಾ ಡಿಸ್‌ಪ್ಲೇ ಪೀಸ್‌ಗೆ ಬೆಲೆ ಕಮ್ಮಿ ಇಡೋದು. ಆ ರಿಸ್ಕ್ ತಗೊಳ್ಳೋದೋ ಬೇಡ್ವೋ ಅಂತ ತೀರ್ಮಾನ ಮಾಡೋ ಹಕ್ಕು ಕೊಳ್ಳೋರದ್ದು, ಹೊಸದು ಅಂತ ಬಿಲ್ ಹಾಕಿದಾಗ ಆ ಹಕ್ಕನ್ನೇ ಕಿತ್ಕೊಂಡ ಹಾಗಾಯ್ತು. ಎಷ್ಟು ಸವೆದಿದೆ ಅನ್ನೋ ಪ್ರಶ್ನೆ ಬೇರೆ, ಹೇಳಿ ಮಾರಿದ್ರಾ ಹೇಳದೇ ಮಾರಿದ್ರಾ ಅನ್ನೋ ಪ್ರಶ್ನೆ ಬೇರೆ, ಎರಡನ್ನೂ ಕಲಸಿಬಿಟ್ರೆ "ಒಂದು ಪರ್ಸೆಂಟೂ ಸವೆದಿಲ್ವಲ್ಲ ಮೇಡಂ" ಅನ್ನೋ ಮಾತಿಗೆ ಉತ್ತರ ಇಲ್ದೆ ನಿಲ್ಬೇಕಾಗುತ್ತೆ.

ದೂರನ್ನ ಫೋನ್‌ನಲ್ಲಿ ಹೇಳದೇ ಬರೆದು ಕಳಿಸಿದ್ಲು, ಚಿಕ್ಕದಾಗಿ. ಬಿಲ್‌ನಲ್ಲಿ ಹೊಸದು ಅಂತ ಇದೆ, ಮೊದಲ ಫೈಲ್‌ನಲ್ಲಿ ಕೌಂಟ್ ಇಷ್ಟು, ಕೊನೇ ಫೈಲ್‌ನಲ್ಲಿ ಇಷ್ಟು, ಅಂತರ ಹೊಂದುತ್ತೆ, ಆನ್ ಮಾಡಿದಾಗ ತಾರೀಕು ಕೇಳದೇ ಇದ್ದಿದ್ದು ವಿಡಿಯೋದಲ್ಲಿ ಇದೆ, ತಳದ ಅಂಟಿನ ಫೋಟೋ ಜೊತೆಗಿದೆ, ಮೂಲ ಫೈಲ್‌ಗಳು ನನ್ನ ಹತ್ರ ಇವೆ, ನೀವೇ ಓದಿ ನೋಡ್ಬಹುದು. ಮೋಸ, ಕಳ್ಳತನ ಅನ್ನೋ ಪದ ಒಂದೂ ಇರ್ಲಿಲ್ಲ, ಅದು ನನ್ನ ಸಲಹೆ. ಯಾಕಂದ್ರೆ ಕ್ಯಾಮೆರಾ ಬಳಸಿದ್ದು ಅನ್ನೋದು ನಮಗೆ ಗೊತ್ತು, ಬೇಕಂತ ಮಾಡಿದ್ರಾ ಇಲ್ಲ ಗೋಡೌನ್‌ನಲ್ಲಿ ಡಬ್ಬ ಅದಲುಬದಲು ಆಯ್ತಾ ಅನ್ನೋದು ನಮಗೆ ಗೊತ್ತಿಲ್ಲ, ಗೊತ್ತಿಲ್ಲದ್ದನ್ನ ಬರೆದ್ರೆ ಗೊತ್ತಿರೋದರ ತೂಕಾನೂ ಹೋಗುತ್ತೆ. ಕೇಳಿದ್ದು ಎರಡರಲ್ಲಿ ಒಂದು, ನಿಜವಾಗ್ಲೂ ಹೊಸ ಬಾಡಿ ಬದಲಿ ಕೊಡಿ, ಇಲ್ಲ ಡಿಸ್‌ಪ್ಲೇ ಪೀಸ್ ಅಂತ ಬಿಲ್ ತಿದ್ದಿ ಬೆಲೆ ವ್ಯತ್ಯಾಸ ವಾಪಸ್ ಕೊಡಿ.

ಅಂಗಡಿಯಿಂದ ಬೇರೆ ಒಬ್ಬರು, ಸ್ವಲ್ಪ ಹಿರಿಯರು, ಫೋನ್ ಮಾಡಿದ್ರು. ಸ್ಟಾಕ್ ರಿಜಿಸ್ಟರ್‌ನಲ್ಲಿ ಸೀರಿಯಲ್ ನಂಬರ್ ನೋಡಿದ್ವಿ, ಅದು ಶೋಕೇಸ್‌ಗೆ ಕೊಟ್ಟಿದ್ದ ಬಾಡಿನೇ, ಮಾರೋ ಸ್ಟಾಕ್ ಜೊತೆ ಸೇರ್ಕೊಂಡಿದೆ ಅಂತ ಒಪ್ಕೊಂಡ್ರು. ಬೆಲೆ ಕಮ್ಮಿ ಮಾಡ್ಕೊಂಡು ಅದನ್ನೇ ಇಟ್ಕೊಳ್ಳೋದು ಒಳ್ಳೇ ವ್ಯವಹಾರ ಅಂತ ನನಗೆ ಅನ್ನಿಸಿತ್ತು, ಅವಳು ಬೇಡ ಅಂದ್ಲು, ಬದಲಿ ಬಾಡಿನೇ ಬೇಕು ಅಂದ್ಲು. ಬಂತು. ಈ ಸಲ ಸೀಲ್ ಕೀಳೋಕೆ ಮುಂಚೆಯೇ ವಿಡಿಯೋ ಶುರು, ಬ್ಯಾಟರಿ ಹಾಕಿದ ತಕ್ಷಣ ಭಾಷೆ ಕೇಳ್ತು, ತಾರೀಕು ಕೇಳ್ತು, ಬ್ಯಾಟರಿ ಅರ್ಧಕ್ಕಿಂತ ಕಮ್ಮಿ, ತಳ ಕ್ಲೀನ್, ಮೊದಲ ಫೈಲ್‌ನಲ್ಲಿ ಕೌಂಟ್ 6. ಬಿಳಿ ಗೋಡೆಯ ಫೋಟೋದಲ್ಲಿ ಒಂದು ಧೂಳಿನ ಚುಕ್ಕಿ ಇದರಲ್ಲೂ ಇತ್ತು, ರಬ್ಬರ್ ಬ್ಲೋವರ್‌ನಿಂದ ಗಾಳಿ ಊದಿದ್ಮೇಲೆ ಹೋಯ್ತು. ಆ ಮೊದಲ ಫೈಲ್‌ನ ಅವಳು ಬಿಲ್‌ನ ಸ್ಕ್ಯಾನ್ ಕಾಪಿ ಜೊತೆ ಒಂದೇ ಫೋಲ್ಡರ್‌ನಲ್ಲಿ ಇಟ್ಟಿದ್ದಾಳೆ.